ಕಿರುಚಿದ ಲೋಲಕ

ಈ ದಿನ ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಬ್ಲೀಚಿಂಗ್ ಪೌಡರಿನ ವಾಸನೆ. ನಮ್ಮ ಕಟ್ಟಡದ ಟ್ಯಾಂಕನ್ನು ನಿನ್ನೆ ತೊಳೆದಿದ್ದಾರೆ. ತೊಳೆದವರು ಪುಡಿಯನ್ನು ಕೈಬಿಚ್ಚಿ ಸುರಿದಿದ್ದಾರೆ. ಮನೆಯವರು ಮೂಗು ಮುಚ್ಚಿಕೊಂಡು ಗೊಣಗುತ್ತಿದ್ದರು. ನಾನು ಬಾಯಲ್ಲಿ ಬ್ರಷ್ ಇಟ್ಟುಕೊಂಡು ಒಬ್ಬಳೇ ನಗುತ್ತಿದ್ದೆ. ನಿಮಗೆ ಆ ವಾಸನೆ ಆಸ್ಪತ್ರೆಯನ್ನು ನೆನಪಿಸೀತು. ನನಗೆ ನೆನಪಾಗುವುದು ನನ್ನ ಮಾನ ಹೋದ ಒಂದು ಮಧ್ಯಾಹ್ನ.

ಆಗ ನಾನು ಬೊಮ್ಮಸಂದ್ರದ ಒಂದು ಸಣ್ಣ ಕನ್ನಡ ಶಾಲೆಯಲ್ಲಿ ವಿಜ್ಞಾನದ ಟೀಚರ್. ತರಗತಿಯ ಕಿಟಕಿ ತೆರೆದರೆ ಔಷಧಿ ಕಾರ್ಖಾನೆಯ ಘಾಟು, ಮುಚ್ಚಿದರೆ ಸೆಕೆ. ಮಕ್ಕಳಲ್ಲಿ ಅರ್ಧ ಸುತ್ತಲಿನ ಹಳ್ಳಿಗಳವರು. ಇನ್ನರ್ಧ ಕೊಪ್ಪಳ, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು. ಪ್ರತಿ ವರ್ಷವೂ ಪ್ರವಾಸವೆಂದರೆ ಮ್ಯೂಸಿಯಂ. ಆ ವರ್ಷ ಒಂಬತ್ತನೇ ತರಗತಿಯವರು ತಿರುಗಿಬಿದ್ದರು.

"ಮಿಸ್, ಅಲ್ಲಿರೋ ಡೈನೋಸಾರ್‌ಗೂ ನಮ್ಮ ಮುಖ ಗುರ್ತು ಸಿಕ್ಬಿಟ್ಟಿದೆ. ಈ ಸಲ ವಾಟರ್ ಪಾರ್ಕ್‌ಗೆ ಕರ್ಕೊಂಡೋಗಿ ಮಿಸ್."

ನಮ್ಮ ಹೆಡ್‌ಮಿಸ್ಟ್ರೆಸ್ ಸರೋಜಮ್ಮನವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಜಾರೋದು, ತಿರುಗೋದು ಬಿಟ್ರೆ ಅಲ್ಲಿ ಇನ್ನೇನ್ರೀ ಇದೆ? ಶೈಕ್ಷಣಿಕ ಮಹತ್ವ ಏನೂಂತ ಬರ್ದುಕೊಡಿ, ನೋಡೋಣ."

ಬರೆಯಿರಿ ಎಂದರೆ ನನಗೆ ಕೈ ನಿಲ್ಲುವುದಿಲ್ಲ. ಭಾನುವಾರ ಪೂರ್ತಿ ಕೂತು ನಾಲ್ಕು ಪುಟ ಬರೆದೆ. ಜಾರುವ ಆಟದಲ್ಲಿ ಘರ್ಷಣೆ, ಗಿರಗಿರ ತಿರುಗುವ ಬಟ್ಟಲಿನಲ್ಲಿ ಕೇಂದ್ರಾಭಿಮುಖ ಬಲ, ಹಿಂದಕ್ಕೂ ಮುಂದಕ್ಕೂ ತೂಗುವ ದೊಡ್ಡ ಹಡಗಿನಲ್ಲಿ ಸರಳ ಲೋಲಕ. ಓದಿದವರಿಗೆ ನಾವು ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದೇವೋ ಉಪಗ್ರಹ ಹಾರಿಸಲು ಹೋಗುತ್ತಿದ್ದೇವೋ ಎಂದು ಅನುಮಾನ ಬರಬೇಕು, ಹಾಗಿತ್ತು. ನಾಲ್ಕು ಪುಟದಲ್ಲಿ ಎಲ್ಲಿಯೂ ಸಂತೋಷ ಎಂಬ ಪದ ಇರಲಿಲ್ಲ. ಅದು ಸಾಲದೆಂದು ಇಪ್ಪತ್ತು ಪ್ರಶ್ನೆಗಳ ಒಂದು ಹಾಳೆ ಮಾಡಿಸಿ, ಉತ್ತರ ಬರೆಯದವರಿಗೆ ಮುಂದಿನ ಆಟವಿಲ್ಲ ಎಂದು ಸಾರಿದೆ. ಅಂಥ ಟೀಚರು ನಿಮಗೂ ಒಬ್ಬರು ಇದ್ದಿರಬೇಕು. ಅವರನ್ನು ಕ್ಷಮಿಸಿ.

ಇಲ್ಲಿ ರೇಣುಕಾಳ ವಿಷಯ ಹೇಳಬೇಕು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಕೊಪ್ಪಳದ ಕಡೆಯ ಹುಡುಗಿ. ಅಪ್ಪ ಮಾರತ್ತಹಳ್ಳಿಯ ಹತ್ತಿರ ಗಾರೆ ಕೆಲಸಕ್ಕೆ ಹೋಗುತ್ತಿದ್ದ. ಜೂನ್‌ನಲ್ಲಿ ಸೇರಿದವಳನ್ನು ಮೊದಲ ವಾರವೇ ಏನೋ ಪ್ರಶ್ನೆ ಕೇಳಿದ್ದೆ. ಎದ್ದು ನಿಂತು, "ಓದೀನ್ರಿ ಟೀಚರ, ಆದ್ರ ತಿಳಿವಲ್ದ್ರಿ" ಅಂದಳು. ತರಗತಿ ಘೊಳ್ಳೆಂದು ನಕ್ಕಿತು. ನಕ್ಕವರನ್ನು ಗದರಿಸಬೇಕಾದ ನಾನು, ನಗುನಗುತ್ತಲೇ, "ಸರಿಯಾಗಿ ಕನ್ನಡದಲ್ಲಿ ಹೇಳಮ್ಮ" ಎಂದೆ. ಅವಳು ಕೂತಳು. ಅಂದಿನಿಂದ ಬಾಯಿ ತೆರೆಯಲಿಲ್ಲ. ತಿಂಗಳು ಕಳೆದ ಮೇಲೆ ನನ್ನ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ‘ಮಂದ’ ಎಂದು ಬರೆದುಕೊಂಡೆ.

ಪಾರ್ಕಿಗೆ ಹೋದ ಕಾಲು ಗಂಟೆಯಲ್ಲಿ ನನ್ನ ಪ್ರಶ್ನೆಗಳೆಲ್ಲ ನೀರುಪಾಲಾದವು. ಒಂದಷ್ಟು ಹಾಳೆ ಅಲೆಯ ಕೊಳದಲ್ಲಿ ತೇಲಿದವು. ಒಂದನ್ನು ಯಾರೋ ದೋಣಿ ಮಾಡಿದ್ದರು. ನಾನು ಕೊರಳಿಗೆ ಸ್ಟಾಪ್‌ವಾಚ್ ನೇತುಹಾಕಿಕೊಂಡು, ಆ ಬ್ಲೀಚಿಂಗ್ ವಾಸನೆಯ ನಡುವೆ ಸೀಟಿ ಊದುತ್ತಾ ಓಡಾಡಿದೆ. ಯಾರೂ ತಿರುಗಿ ನೋಡಲಿಲ್ಲ. ಕೊನೆಗೆ ಮಕ್ಕಳನ್ನೆಲ್ಲ ತೂಗುವ ಹಡಗಿನ ಮುಂದೆ ಗುಂಪುಗೂಡಿಸಿ, "ಲೋಲಕ ಅಂದ್ರೇನು ಅಂತ ನಾನೇ ಕೂತು ತೋರಿಸ್ತೀನಿ" ಎಂದುಬಿಟ್ಟೆ. ತುದಿಯ ಸಾಲನ್ನೇ ಆರಿಸಿಕೊಂಡೆ. ತುದಿಯಲ್ಲಿ ಚಲನೆ ಸ್ಪಷ್ಟವಾಗಿ ಕಾಣುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ. ಪಕ್ಕದ ಸೀಟು ಖಾಲಿ ಉಳಿದಿತ್ತು. ರೇಣುಕಾ ಬಂದು ಕೂತಳು.

ಮೊದಲ ಎರಡು ತೂಗಾಟಕ್ಕೆ ನಾನು ಪಾಠ ಮಾಡುತ್ತಲೇ ಇದ್ದೆ. ಮೂರನೆಯದಕ್ಕೆ ಹೊಟ್ಟೆ ಗಂಟಲಿಗೆ ಬಂತು. ನಾಲ್ಕನೆಯದಕ್ಕೆ ಹಡಗು ಆಕಾಶಕ್ಕೆ ಮೂತಿ ಎತ್ತಿದಾಗ, ಇಡೀ ಪಾರ್ಕಿಗೆ ಕೇಳುವಂತೆ ಕಿರುಚಿದೆ:

"ಅಣ್ಣಾ, ನಿಲ್ಸಣ್ಣಾ! ನಾನು ಸೈನ್ಸ್ ಟೀಚರ್ ಕಣಣ್ಣಾ!"

ಸೈನ್ಸ್ ಟೀಚರುಗಳಿಗೆ ಅಲ್ಲಿ ಏನು ರಿಯಾಯಿತಿ ಇದೆ ಎಂದುಕೊಂಡಿದ್ದೆನೋ ತಿಳಿಯದು. ಯಂತ್ರ ನಡೆಸುವಾತ ಕೈಬೀಸಿ ನಕ್ಕ. ನನ್ನ ಬಿಗಿಮುಷ್ಟಿಯ ಮೇಲೆ ಒಂದು ಒದ್ದೆ ಕೈ ಬಂತು.

"ಟೀಚರ, ಕಣ್ಣು ಮುಚ್ಚಬ್ಯಾಡ್ರಿ. ಮುಚ್ಚಿದ್ರ ಅಂಜಿಕಿ ಜಾಸ್ತಿ ಆಕ್ಕೈತ್ರಿ. ಮ್ಯಾಲ ಹೋಗೂಮುಂದ ಉಸಿರು ಬಿಡ್ರಿ. ನಾ ಹಿಡದೀನ್ರಿ."

ಐದು ತಿಂಗಳ ಮೇಲೆ ಅವಳು ನನ್ನೊಡನೆ ಆಡಿದ ಮೊದಲ ಮಾತು ಅದು. ಅವಳು ಹೇಳಿದಂತೆ ಉಸಿರು ಬಿಟ್ಟೆ. ಹಡಗು ನಿಲ್ಲುವವರೆಗೂ ಅವಳು ಕೈ ಬಿಡಲಿಲ್ಲ.

ಕೆಳಗಿಳಿದು ಬೆಂಚಿನ ಮೇಲೆ ಕುಸಿದೆ. ಮಕ್ಕಳು ಸುತ್ತ ನಿಂತರು. "ನಿಂಗೆ ಭಯ ಆಗ್ಲಿಲ್ವಾ?" ಎಂದು ಅವಳನ್ನು ಕೇಳಿದೆ.

"ನಮ್ಮೂರಾಗ ಪಂಚಮಿಗೆ ಬೇವಿನ ಮರಕ್ಕ ಜೋಕಾಲಿ ಕಟ್ತಾರ್ರಿ. ನಿಂತು ಜೀಕಿದ್ರ ಮ್ಯಾಲಿನ ಟೊಂಗಿ ಮುಟ್ಟತೀವ್ರಿ. ತುದೀಗೆ ಹೋದಕೂಡ್ಲೆ ಜೋಕಾಲಿ ಒಂದೀಟ ನಿಂದರತೈತಿ. ಆವಾಗ ಮೈಯಾಗ ಭಾರನ ಇರಂಗಿಲ್ಲ. ಕೆಳಗ ಬಂದಾಗ ಜೋರ ಹೆಚ್ಚು, ಎಲ್ಲಾ ಭಾರ ಕಾಲಿಗೆ ಬರತೈತ್ರಿ."

ನನ್ನ ಹನ್ನೊಂದನೇ ಪ್ರಶ್ನೆಗೆ, ಲೋಲಕದ ವೇಗ ಎಲ್ಲಿ ಹೆಚ್ಚು ಎಲ್ಲಿ ಕಡಿಮೆ ಎಂಬ ಆ ತೇಲಿಹೋದ ಪ್ರಶ್ನೆಗೆ, ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಬಳಿಯೂ ಇರಲಿಲ್ಲ. ಈ ಸಲ ಯಾರೂ ನಗಲಿಲ್ಲ. ಅಲ್ಲಿ ನಗೆಪಾಟಲಾದವರು ಬೇರೆ ಇದ್ದರಲ್ಲ, ಬೆಂಚಿನ ಮೇಲೆ.

ಇಷ್ಟಾದ ಮೇಲೆ ನಾನು ಬದಲಾದೆ ಎಂದುಕೊಳ್ಳಬೇಡಿ. ಸೋಮವಾರ ಮತ್ತೆ ಮೂರು ಪುಟದ ವರದಿ ಬರೆದು ಒಪ್ಪಿಸಿದೆ. ಸರೋಜಮ್ಮನವರು ಕರೆಸಿದರು.

"'ವಿದ್ಯಾರ್ಥಿಗಳು ಸರಳ ಲೋಲಕದ ಚಲನೆಯನ್ನು ವೀಕ್ಷಿಸಿದರು' ಅಂತ ಬರ್ದಿದೀರಿ."

"ಹೌದು ಮೇಡಂ."

"ಲೋಲಕ ಕಿರುಚ್ತಾ ಇತ್ತಂತೆ?"

ಅವರ ಮುಖದಲ್ಲಿದ್ದ ನಗು ನಿಧಾನವಾಗಿ ಹೋಯಿತು. "ರೇಣುಕಾ ಯಾರ್ರೀ? ಮಕ್ಕಳೆಲ್ಲ ಅವಳ ಹೆಸರೇ ಹೇಳ್ತಿದಾರೆ. ನಿಮ್ಮ ಮೂರು ಪುಟದಲ್ಲಿ ಎಲ್ಲೂ ಇಲ್ವಲ್ಲ."

ಮರುದಿನ ತರಗತಿಯಲ್ಲಿ, "ರೇಣುಕಾ, ಆ ಜೋಕಾಲಿದು ಇನ್ನೊಂದ್ಸಲ ಎಲ್ಲರಿಗೂ ಹೇಳಮ್ಮ" ಎಂದೆ. ಅವಳು ಎದ್ದು ನಿಂತಳು. ಕೇಳಿದಳು:

"ಯಾ ಕನ್ನಡದಾಗ ಹೇಳ್ಲಿರಿ?"

ಕುಹಕವಿರಲಿಲ್ಲ, ನಿಜಕ್ಕೂ ಕೇಳಿದ್ದಳು. "ನಿಂದ್ರಲ್ಲೇ ಹೇಳು. ಅವತ್ತು ನಾನು ಹಾಗಂದಿದ್ದು ತಪ್ಪು" ಎಂದೆ, ನಲವತ್ತು ಮಕ್ಕಳ ಮುಂದೆ. ಅವಳು ಹೇಳಿದಳು. ಆಮೇಲೆ ಮಾರ್ಚ್‌ವರೆಗೆ ಅವಳ ಬಾಯಿ ಮುಚ್ಚಿಸುವುದೇ ನನಗೆ ಕೆಲಸವಾಯಿತು.

ಮೇ ತಿಂಗಳಲ್ಲಿ ಅವಳಪ್ಪ ಟಿ.ಸಿ. ಕೇಳಿಕೊಂಡು ಬಂದ. "ಬಿಲ್ಡಿಂಗ್ ಮುಗೀತ್ರಿ ಮೇಡಮ್ಮಾರ. ಮುಂದಿನ ಕೆಲಸ ಪುಣೇದಾಗ ಐತ್ರಿ." ರೇಣುಕಾ ಹೊರಗೆ ಗೆಳತಿಯರ ಜೊತೆ ನಿಂತಿದ್ದಳು. ಪುಣೆಯಲ್ಲಿ ಯಾವ ಕನ್ನಡವೂ ನಡೆಯುವುದಿಲ್ಲವಲ್ಲ ಎಂದುಕೊಳ್ಳುತ್ತಲೇ ಪೆನ್ನು ಹಿಡಿದೆ. ಟಿ.ಸಿ.ಯಲ್ಲಿ ನಡತೆ ಎಂಬ ಕಡೆ ‘ಉತ್ತಮ’ ಎಂದು ಬರೆಯುವಷ್ಟೇ ಜಾಗವಿತ್ತು. ನಾಲ್ಕು ಪುಟ ಬರೆಯಬಲ್ಲವಳು ಒಂದು ಪದ ಬರೆದು ಕೊಟ್ಟೆ. ಅವಳು ಈಗ ಎಲ್ಲಿದ್ದಾಳೋ ಗೊತ್ತಿಲ್ಲ.

ನಾನೀಗ ಎಲೆಕ್ಟ್ರಾನಿಕ್ ಸಿಟಿಯ ಕಡೆ ಬೇರೆ ಶಾಲೆಯಲ್ಲಿದ್ದೇನೆ. ಈ ಶುಕ್ರವಾರ ಇಲ್ಲಿಯ ಮಕ್ಕಳ ಪ್ರವಾಸ, ಅಂಥದೇ ಪಾರ್ಕಿಗೆ. ಇವತ್ತು ಮಧ್ಯಾಹ್ನ ಸ್ಟಾಫ್‌ರೂಮಿನಲ್ಲಿ, ಹೋದ ತಿಂಗಳಷ್ಟೇ ಸೇರಿದ ಗಣಿತದ ಅನುಷಾ ಹತ್ತಿರ ಬಂದು ಕೂತಳು.

"ಮೇಡಂ, ನಾನು ಕೆಳಗಡೆನೇ ಇದ್ದು ಬ್ಯಾಗು, ಚಪ್ಪಲಿ ನೋಡ್ಕೋತೀನಿ. ನಂಗೆ ಅವೆಲ್ಲ ಭಯ. ಮಕ್ಕಳ ಮುಂದೆ ಕಿರುಚಿಬಿಟ್ರೆ ಆಮೇಲೆ ಕ್ಲಾಸಲ್ಲಿ ನನ್ನ ಮಾತು ಯಾರು ಕೇಳ್ತಾರೆ?"

"ಚಪ್ಪಲಿ ಯಾರೂ ಕದಿಯಲ್ಲ ಕಣಮ್ಮ" ಎಂದೆ. "ನೀನು ಹತ್ತು. ಕ್ಲಾಸಲ್ಲಿ ನಿಂಗೆ ಇನ್ನೂ ಯಾರ ಮಾತು ಕೇಳ್ಸಿಲ್ವೋ, ಆ ಮಗು ಪಕ್ಕದಲ್ಲಿ ಕೂತ್ಕೊ."