ಗೋಡೆಗೆ ಹೇಳಿದ ಮಾತು

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯನ್ನು ಅವನ ಮಾತಿನಿಂದಲೇ ಕಟ್ಟಿಹಾಕಿ ಗೆಲ್ಲುತ್ತಿದ್ದೆ. ಬಾಯಿಯೇ ಬಿಡದವರ ಪರ ವಾದಿಸುವುದು ಹೇಗೆಂದು ಯಾರೂ ಕಲಿಸಿರಲಿಲ್ಲ.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಬೆಳಗಾವಿಯ ಶಹಾಪುರದ ನಮ್ಮ ಮನೆಯಿಂದ ಖಾನಾಪುರದ ಹೆರಿಗೆ ಆಸ್ಪತ್ರೆಯೊಂದಕ್ಕೆ ದಿನಾ ಬಸ್ಸಿನಲ್ಲಿ ಹೋಗುತ್ತಿದ್ದೆ. ಕಾಡಿನಲ್ಲಿ ಎಮ್ಮೆ ಸಾಕುವ ಗೌಳಿ ಹೆಂಗಸರ ಮರಾಠಿಯನ್ನು ವಿಜಾಪುರ ಕಡೆಯ ಡಾಕ್ಟರಿಗೆ ಕನ್ನಡದಲ್ಲಿ ಹೇಳುವುದು ನನ್ನ ಕೆಲಸ.

ಒಂದು ಮಧ್ಯಾಹ್ನ ಗೌಳಿ ಹಿರಿಯರೊಬ್ಬರು ದಿನ ತುಂಬಿದ ಸೊಸೆಯನ್ನು ಕರೆತಂದರು. ಅವಳು ಸೆರಗೆಳೆದುಕೊಂಡು ಗೋಡೆಗೆ ಮುಖಮಾಡಿ ಕುಳಿತಳು.

"ಏನ್ ತ್ರಾಸ ಐತಿ, ಕೇಳವಾ," ಎಂದರು ಡಾಕ್ಟರು.

ಕೇಳಿದೆ. ಉತ್ತರ ಮಾವನದು. "ಏನೂ ಇಲ್ಲ. ತೋರಿಸ್ಕೊಂಡು ಹೋಗಾಕ ಬಂದೀವಿ."

"ಅಕೀನ ಹೇಳ್ಲಿ ಅಜ್ಜಾ," ಎಂದೆ.

"ನನ್ನ ಮುಂದ ಹೆಂಗ ಮಾತಾಡ್ತಾಳ?"

"ಹಂಗಾದ್ರ ನೀವು ಹೊರಗ ನಿಂದರ್ರಿ."

"ಪರಗಂಡಸಿನ ಮುಂದ ಸೊಸಿನ್ನ ಬಿಟ್ಟು? ಚಲೋ ಹೇಳ್ತಿ!"

ಅವರ ತರ್ಕದಲ್ಲಿ ಸಂದಿಯೇ ಇರಲಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೇ.

"ತ್ರಾಸ ಇಲ್ಲಂದ್ರ ಮುಂದಿನ ವಾರ ಬರ್ಲಿ," ಎಂದರು ಡಾಕ್ಟರು.

ಆಗ ಅವಳು ಸುಣ್ಣ ಉದುರುತ್ತಿದ್ದ ಗೋಡೆಗೆ ಹೇಳಿದಳು: "ಏ ಗ್ವಾಡಿ, ಕೇಳಿಸ್ಕೋ. ಮುಂಜಾನಿಂದ ಕೂಸು ಮಿಸುಕಿಲ್ಲ."

ನರ್ಸ್ ಕಿಸಕ್ಕನೆ ನಕ್ಕಳು. "ಗ್ವಾಡಿ ಜೋಡಿ ಮಾತಾಡಾಕತ್ಯಾಳ್ರಿ ಸರ್! ತಲಿ ಸರಿ ಇಲ್ಲ ಕಾಣಸ್ತೈತಿ."

ಇದನ್ನು ನಾನು ಅವರ ಬಿಡಾರಗಳಲ್ಲಿ ನೋಡಿದ್ದೆ. ಮಾವನಿಗೆ ತಿಳಿಸಬೇಕಾದದ್ದನ್ನು ಸೊಸೆ ಬಾಗಿಲಿಗೋ ಕರುವಿಗೋ ಹೇಳುತ್ತಾಳೆ, ಮಾವ ಕೇಳಿಸಿಕೊಳ್ಳುತ್ತಾನೆ. ಆ ಪದ್ಧತಿಯ ಮೇಲೆ ನನಗೆ ಎಳ್ಳಷ್ಟೂ ಗೌರವವಿರಲಿಲ್ಲ, ಈಗಲೂ ಇಲ್ಲ. ಆದರೆ ಹುಚ್ಚಿಗೂ ಅದಕ್ಕೂ ಸಂಬಂಧವಿಲ್ಲ.

ಅವಳ ಮಾತನ್ನು ಕನ್ನಡದಲ್ಲಿ ಹೇಳಿದೆ.

"ಗ್ವಾಡಿಗೆ ಹೇಳಿದ್ದನ್ನ ನಾ ಹೆಂಗ ನಂಬಲಿ? ನನಗ ಹೇಳ್ಲಿ," ಎಂದರು ಡಾಕ್ಟರು.

"ನೀವೂ ಅಕೀನ್ನ ಕೇಳಿಲ್ಲಲ್ರಿ, ನನ್ನ ಕೇಳೀರಿ. ನಿಮಗ ನಡುವ ನಾ ಬೇಕು, ಅಕೀಗೆ ಗ್ವಾಡಿ ಇರಬಾರದೇನು?"

"ಭಾಳ ಮಾತಾಡ್ತಿ ನೀ."

"ಮಾತಾಡಾಕನ ಇಟ್ಕೊಂಡೀರಿ. ಮದ್ಲ ಕೂಸಿನ ಎದಿಬಡಿತ ಕೇಳ್ರಿ, ಆಮ್ಯಾಲೆ ಬೈರಿ."

ಅವರು ಅವಳನ್ನು ಮಲಗಿಸಿ ಹೊಟ್ಟೆಯ ಮೇಲೆ ಬಗ್ಗಿದರು. ಎದ್ದಾಗ ಮುಖದಲ್ಲಿ ಸಿಟ್ಟಿರಲಿಲ್ಲ. "ಬಡಿತ ಇಳ್ಯಾಕತ್ತೈತಿ. ಬೆಳಗಾವಿಗೆ ಗಾಡಿ ಹೊರಡಸ್ರಿ, ಲಗೂ!"

ಜೀಪಿನಲ್ಲಿ ನಾನೂ ಹತ್ತಿದೆ. ಮುಂದಿನ ಸೀಟಿನಲ್ಲಿ ಕುಳಿತ ಮಾವ ಹಿಂತಿರುಗಿ ನೋಡದೆ ಗಾಜಿಗೆ ಹೇಳಿದರು, "ಹೆದರಬ್ಯಾಡಂತ ಹೇಳು." ಅದನ್ನು ನಾನು ದಾಟಿಸಬೇಕಾಗಲಿಲ್ಲ.

ಬೆಳಗಾವಿಯಲ್ಲಿ ಆಪರೇಷನ್ ಆಯಿತು. ಹೆಣ್ಣುಕೂಸು. ಅತ್ತದ್ದು ತಡವಾಗಿ, ಆದರೆ ವಾರ್ಡೆಲ್ಲ ಕೇಳುವಂತೆ.

ಮರುದಿನ ತಪಾಸಣೆಗೆ ಬಂದವರು ಹೆಣ್ಣು ಡಾಕ್ಟರು. "ನೋವು ಹೆಂಗ ಐತಿ?" ಎಂದು ಕೇಳಿದರು. ಮಾವ ಬಾಗಿಲ ಬಳಿ ಕುಳಿತಿದ್ದರು. ಅವಳು ಗೋಡೆಯತ್ತ ತಿರುಗಿದಳು.

"ತಡೀರಿ, ಉತ್ತರ ಬರ್ತೈತಿ," ಎಂದೆ.

"ಏ ಗ್ವಾಡಿ, ಇವರು ಹೆಣ್ಮಗಳು. ಈಗರ ಮಾವ ಹೊರಗ ಕುಂತ್ರ ಚಲೋ."

ಮಾವ ಕೆಮ್ಮಿದರು. ರುಮಾಲು ಸರಿಮಾಡಿಕೊಂಡು ಎದ್ದು ಹೊರಗೆ ಹೋದರು. ಅವಳು ನಮ್ಮ ಕಡೆ ತಿರುಗಿದಳು. ಆಮೇಲೆ ಅವಳ ಮಾತು ನಿಲ್ಲಲೇ ಇಲ್ಲ. ಕನ್ನಡಕ್ಕೆ ತಂದು ತಂದು ಗಂಟಲು ಒಣಗಿದ್ದು ನನ್ನದು.