ಕಸದ ಗಾಡಿಯಲ್ಲಿ ಬಂದ ಜಯಮ್ಮನ ದನಿ

ನಮ್ಮೂರಿನ ಕಸದ ಗಾಡಿ ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ಕೇಳುತ್ತದೆ. ಅದರ ಹಾಡು ಕೇಳಿದೊಡನೆ ನಿವೃತ್ತ ಮೇಷ್ಟ್ರೆಂಬ ಗತ್ತನ್ನು ಒಳಗೇ ಬಿಟ್ಟು, ಒಣಕಸದ ಬಕೆಟ್ ಹಿಡಿದು ಬಾಗಿಲಿಗೆ ಓಡುವವರಲ್ಲಿ ನಾನೇ ಮೊದಲಿಗ.

ಆ ಹಾಡಿನ ನಡುವೆ ನಾಲ್ಕು ಬುದ್ಧಿಮಾತು ಸೇರಿಸಬೇಕೆಂದು ಪಂಚಾಯಿತಿಯವರು ತೀರ್ಮಾನಿಸಿದರು. ದಾಬಸ್‌ಪೇಟೆಯ ಗೋದಾಮುಗಳಲ್ಲಿ ದುಡಿಯುವ ನಮ್ಮ ಹುಡುಗರಿಗೆ ಬೈಕು ಕೊಡಿಸಿ, ಬರೀ ಒಂದು ಪಾರ್ಸಲ್ ಮುಟ್ಟಿಸಿ ಬಾ ಎಂದು ಪುಸಲಾಯಿಸಿ, ಗಾಂಜಾ ಸಾಗಿಸಲು ಹಚ್ಚುವ ಜನ ಹುಟ್ಟಿಕೊಂಡಿದ್ದರು. ಬರೆಯುವ ಹೊಣೆ ನನ್ನ ಪಾಲಿಗೆ ಬಂತು. ಬಿಡುತ್ತೇನೆಯೇ? 'ಮಾದಕವೆಂಬ ಮಹಾಮಾರಿಯ ಕರಾಳ ಕಬಂಧಬಾಹು'ಗಳನ್ನೆಲ್ಲ ಕರೆತಂದು ಕೂರಿಸಿದೆ. ತಿಂಗಳಿಡೀ ಮೊಳಗಿತು, ಜನ ಕಸ ಸುರಿದರು, ಒಳಗೆ ಹೋದರು. ನನ್ನ ತಮ್ಮನ ಮಗ ನವೀನ ಮಾತ್ರ, ಎಲ್ಲಿಂದ ಬಂತೆಂದು ಯಾರಿಗೂ ಹೇಳದ ಹೊಸ ಬೈಕಿನ ಮೇಲೆ ಕುಳಿತು, ನನ್ನ ಕಬಂಧನನ್ನು ಅಣಕಿಸಿ ನಕ್ಕ. ಆ ಬೈಕು ಕಂಡಾಗಲೆಲ್ಲ ನಾನು ಮುಖ ತಿರುಗಿಸಿ ನಡೆಯುತ್ತಿದ್ದೆ. ಊರಿಗೆಲ್ಲ ಬುದ್ಧಿ ಹೇಳುವವನಿಗೆ ಮನೆಯ ಹುಡುಗನನ್ನು ಕೇಳಲು ಧೈರ್ಯವಿರಲಿಲ್ಲ.

ಆಗ ಬಂದಳು, ಹಿಂದಿನ ಬೀದಿಯ ಜಯಮ್ಮ. ಅವಳ ಮಗ ಇಂಥದೇ ಪಾರ್ಸಲ್ಲಿನೊಂದಿಗೆ ಸಿಕ್ಕಿಬಿದ್ದು ಜೈಲಿನಲ್ಲಿದ್ದ. ದುಬೈಗೆ ಹೋಗಿದ್ದಾನೆಂದು ಅವಳು ಹೇಳುತ್ತಿದ್ದಳು, ಮರ್ಯಾದೆಗಾಗಿ ಊರಿಗೆ ಊರೇ ನಂಬಿದಂತೆ ನಟಿಸಿ, "ಫೋನ್ ಮಾಡಿದ್ನಾ ಜಯಮ್ಮ?" ಎಂದು ವಿಚಾರಿಸುತ್ತಿತ್ತು.

"ಮೇಷ್ಟ್ರೇ, ನೀವ್ ಬರ್ದಿದ್ದು ನಂಗೊಂದೂ ತಿಳೀಲಿಲ್ಲ. ನಾನೇ ಮಾತಾಡ್ತೀನಿ ಬಿಡಿ," ಎಂದಳು.

ಮರುವಾರ ಗಾಡಿಯಿಂದ ಅವಳ ದನಿ ಬಂತು: "ನಾನು ಜಯಮ್ಮ ಕಣ್ರಪ್ಪಾ. ನನ್ ಮಗ ದುಬೈನಲ್ಲಿಲ್ಲ, ಜೈಲಲ್ಲವ್ನೆ. ಬೈಕ್ ಕೊಡ್ಸೋವಾಗ ತಮ್ಮಾ ತಮ್ಮಾ ಅಂತಿದ್ರು. ಪೊಲೀಸ್ನೋರು ಹಿಡ್ದಾಗ ಒಬ್ಬ ಅಣ್ಣನೂ ಬರ್ಲಿಲ್ಲ. ಮುದ್ದೆ ಕಟ್ಟೋವಾಗ ಇವತ್ಗೂ ಮರ್ತು ಅವನ್ದೂ ಒಂದು ಕಟ್ಬಿಡ್ತೀನಿ."

ಗೆಳೆಯರೇ, ಬದುಕಿಡೀ ಕನ್ನಡ ಕಲಿಸಿದವನು ನಾನು. ಮಾತಿಗೆ ಇಂಥ ಶಕ್ತಿಯಿದೆಯೆಂದು ಅಂದೇ ತಿಳಿದದ್ದು. ಬೀದಿಯಲ್ಲಿ ಒಬ್ಬರೂ ಕಸ ಸುರಿಯಲಿಲ್ಲ. ಇಷ್ಟು ದಿನ ಮುಚ್ಚಿಟ್ಟುಕೊಂಡಿದ್ದ ಮಾನವನ್ನು, ಪರರ ಮಕ್ಕಳು ಉಳಿಯಲೆಂದು ಬೀದಿಗಿಟ್ಟ ಆ ತಾಯಿಯ ಎದೆಗಾರಿಕೆಗೆ ಬೆರಗಾಗಿ, ಬಕೆಟ್ ಹಿಡಿದವನು ಹಿಡಿದೇ ನಿಂತಿದ್ದೆ.

ಪಕ್ಕದಲ್ಲಿ ನವೀನ. ಮುಖದಲ್ಲಿ ನಗುವಿರಲಿಲ್ಲ, ಅಂಗೈಯಲ್ಲಿ ಬೈಕಿನ ಕೀಲಿ.

"ದೊಡ್ಡಪ್ಪ, ನಾಳೆ ಪಾರ್ಸಲ್ ತಗೊಂಡ್ ಹೋಗು ಅಂದವ್ರೆ. ಪೊಲೀಸ್ ಸ್ಟೇಷನ್ಗೆ ನನ್ ಜೊತೆ ಬರ್ತೀರಾ?"

ಗಾಡಿ ಮುಂದಿನ ಬೀದಿಗೆ ಹೋಗಿತ್ತು. ತುಂಬಿದ ಬಕೆಟ್ಟನ್ನು ಬಾಗಿಲಲ್ಲೇ ಇಟ್ಟು ಚಪ್ಪಲಿ ಮೆಟ್ಟಿದೆ. ಸ್ಟೇಷನ್ ಮುಟ್ಟುವವರೆಗೂ ಅವನು ಆ ಬೈಕನ್ನು ಹತ್ತಲಿಲ್ಲ, ತಳ್ಳಿಕೊಂಡೇ ಬಂದ.