ಹಾವಿಗೊಂದು ಹಾಸಿಗೆ

2005ರ ಜೂನ್ 9, ಗುರುವಾರ ಸಂಜೆ ಐದು ಗಂಟೆಗೆ ಮಸ್ಕತ್ತಿನ ರೂವಿ ಬಡಾವಣೆಯ ನಮ್ಮ ಫ್ಲ್ಯಾಟಿನೊಳಗೆ ಒಂದು ಹಾವು ಬಂದಿತು. ಕಿಟಕಿಯಿಂದಲೋ ಬಚ್ಚಲ ತೂಬಿನಿಂದಲೋ ಅಲ್ಲ. ಐದನೆಯ ಮಹಡಿಯಿಂದ ಮೂರನೆಯ ಮಹಡಿಗೆ ಲಿಫ್ಟಿನಲ್ಲಿ, ಗಾಜಿನ ಪೆಟ್ಟಿಗೆಯೊಳಗೆ, ತನ್ನದೇ ಒಂದು ಪುಟ್ಟ ಫ್ರಿಜ್ಜಿನ ಸಮೇತ ಬಂದಿತು.

ಒಮಾನಿನಲ್ಲಿರುವ ನಮ್ಮಂಥವರು ಜೂನ್ ಬಂತೆಂದರೆ ಪಕ್ಕದ ಮನೆಯವರ ಆಸ್ತಿಗೆ ಕಾವಲುಗಾರರಾಗುತ್ತೇವೆ. ಶಾಲೆಗೆ ರಜೆ, ಹೊರಗೆ ನಲವತ್ತೈದು ಡಿಗ್ರಿ ಬಿಸಿಲು; ಟಿಕೆಟ್ ಸಿಕ್ಕವರು ಊರಿಗೆ ಹೊರಡುತ್ತಾರೆ. ಹೊರಡುವ ಮುನ್ನ ತುಳಸಿ ಕುಂಡ, ಕರಿಬೇವಿನ ಕುಂಡ, ಕಾರಿನ ಕೀಲಿ, ಅಕ್ವೇರಿಯಮ್ಮಿನ ಮೀನು, ಇವನ್ನೆಲ್ಲ ಹೋಗದೆ ಉಳಿದವರ ಮನೆಗೆ ತಲುಪಿಸುತ್ತಾರೆ. ನಾನು ಅಲ್ಲಿನ ಒಂದು ಇಂಗ್ಲಿಷ್ ದಿನಪತ್ರಿಕೆಯಲ್ಲಿ ಉಪಸಂಪಾದಕ. ಪತ್ರಿಕೆಗೆ ಬೇಸಿಗೆ ರಜೆ ಇಲ್ಲದ್ದರಿಂದ ನಾನು ಯಾವಾಗಲೂ ಉಳಿದವರ ಪಟ್ಟಿಯಲ್ಲೇ ಇರುತ್ತಿದ್ದೆ. ಆ ವರ್ಷ ನಮ್ಮ ಬಾಲ್ಕನಿಯಲ್ಲಿ ನಾಲ್ಕು ಮನೆಗಳ ತುಳಸಿ ಒಟ್ಟಿಗೆ ನಿಂತಿದ್ದವು. ಐದನೆಯ ಮಹಡಿಯ ಕುಲಕರ್ಣಿಯವರದು ಮಾತ್ರ ಕುಂಡವಲ್ಲ, ಕಾರ್ನ್ ಸ್ನೇಕ್.

ಕುಲಕರ್ಣಿ ಧಾರವಾಡದವರು, ತೈಲ ಕಂಪನಿಯೊಂದರಲ್ಲಿ ಇಂಜಿನಿಯರ್. ಅವರ ಸಹೋದ್ಯೋಗಿಯಾಗಿದ್ದ ಒಬ್ಬ ಇಂಗ್ಲೆಂಡಿನವನು ಗುತ್ತಿಗೆ ಮುಗಿಸಿ ಹೋಗುವಾಗ ತಾನು ಸಾಕಿದ ಹಾವನ್ನು ಅವರ ಮಗಳು ಪಲ್ಲವಿಗೆ ಕೊಟ್ಟಿದ್ದ. ಕೇಸರಿ ಬಣ್ಣದ ಮೈ, ಅದರ ಮೇಲೆ ಇಟ್ಟಿಗೆ ಬಣ್ಣದ ಮಚ್ಚೆ, ನನ್ನ ಕೈಯಷ್ಟು ಉದ್ದ, ವಿಷವಿಲ್ಲ. ಪಲ್ಲವಿ ಅದಕ್ಕೆ ಬಿಸ್ಕೆಟ್ ಎಂದು ಹೆಸರಿಟ್ಟಿದ್ದಳು.

"ಎರಡ ತಿಂಗಳ ಅಷ್ಟರೀ ಸರ. ವಾರಕ್ಕೊಂದು ಇಲಿ, ದಿನಾ ನೀರು, ಮುಗೀತು. ನಮ್ಮ ಬೀಗರಿಗಿಂತ ಭಾಳ ಸಮಾಧಾನದ್ದು ನೋಡ್ರಿ" ಎಂದರು ಕುಲಕರ್ಣಿ.

"ಇಲಿ?" ಎಂದಳು ನನ್ನ ಹೆಂಡತಿ ಸುಧಾ. ಮೈಸೂರಿನವಳು, ಮೊಟ್ಟೆಯ ಹೆಸರೆತ್ತಿದರೆ ಕಿಟಕಿ ತೆರೆಯುವವಳು.

"ಅದಕ್ಕs ಫ್ರಿಜ್ ತಂದೇನಿ ಅಕ್ಕಾರ. ಇಲಿ ಎಲ್ಲಾ ಅದರಾಗs ಅದಾವ. ನಿಮ್ಮ ಅಡಿಗೀಮನಿಗೆ ಅವು ಬರೂದಿಲ್ಲ. ನಮ್ಮನ್ಯಾಗೂ ಮಡಿನೇ ನೋಡ್ರಿ."

ಈ ಒಪ್ಪಂದದ ನಿಜವಾದ ಪಕ್ಷಗಳು ನಾವು ಯಾರೂ ಆಗಿರಲಿಲ್ಲ. ಪಲ್ಲವಿ ಮತ್ತು ನಮ್ಮ ಮೇಘನಾ ಇಬ್ಬರೂ ಎಂಟನೆಯ ತರಗತಿ, ಒಂದೇ ಬೆಂಚು. ಪಲ್ಲವಿ ಹಾವನ್ನು ಕೊಟ್ಟದ್ದು ಮೇಘನಾಳಿಗೆ. ಲಿಫ್ಟಿನ ಬಾಗಿಲಲ್ಲಿ ನಿಂತು, "ಪ್ರಾಮಿಸ್?" ಎಂದು ಕೇಳಿದಳು. "ಪ್ರಾಮಿಸ್" ಎಂದಳು ನನ್ನ ಮಗಳು. ಇಂಥ ಮಾತನ್ನು ಹದಿಮೂರನೆಯ ವಯಸ್ಸಿನಲ್ಲಿ ಎಷ್ಟು ಗಂಭೀರವಾಗಿ ಆಡುತ್ತಾರೆಂಬುದು ನಲವತ್ತು ದಾಟಿದವರಿಗೆ ಮರೆತುಹೋಗಿರುತ್ತದೆ.

ಪಲ್ಲವಿ ಸೂಚನೆಗಳ ಒಂದು ಹಾಳೆಯನ್ನೂ ಕೊಟ್ಟಿದ್ದಳು. ಅದರ ಮೂರನೆಯ ಸಾಲು: "ಕೆಳಗೆ ಹಾಸಲು ನ್ಯೂಸ್‌ಪೇಪರ್. ಕೊಳೆಯಾದರೆ ಬದಲಿಸಿ." ಪೆಟ್ಟಿಗೆಯೊಳಗೆ ಬಗ್ಗಿ ನೋಡಿದೆ. ಹಾಸಿದ್ದು ನಮ್ಮದೇ ಪತ್ರಿಕೆ. ಅಷ್ಟೇ ಅಲ್ಲ, ನಾನೇ ಕಟ್ಟಿದ ಪುಟ. ನಾನು ಇಪ್ಪತ್ತು ನಿಮಿಷ ತಿಣುಕಿ ಕೊಟ್ಟಿದ್ದ ಶೀರ್ಷಿಕೆಯ ಮೇಲೆ ಬಿಸ್ಕೆಟ್ ತನ್ನ ಕೆಲಸ ಮುಗಿಸಿ, ಪಕ್ಕದ ಅಂಕಣಕ್ಕೆ ತೆರಳಿ ಮಲಗಿತ್ತು. ಓದುಗರ ಪ್ರತಿಕ್ರಿಯೆಯನ್ನು ವೃತ್ತಿಯಲ್ಲಿರುವವರು ಶಾಂತವಾಗಿ ಸ್ವೀಕರಿಸಬೇಕು ಎಂದು ಕಿರಿಯರಿಗೆ ಹೇಳುತ್ತಿದ್ದವನು ನಾನು.

ಸುಧಾಳ ಆಕ್ಷೇಪ ಬೇರೆ ಮೂಲದ್ದು. "ರೀ, ಕಾಗದ ಅಂದ್ರೆ ಸರಸ್ವತಿ. ಕಾಲು ತಾಗಿದ್ರೆ ಕಣ್ಣಿಗೊತ್ತಿಕೊಳ್ತೀವಿ. ಅದರ ಮೇಲೆ ಇದು ಹೀಗೆಲ್ಲ ಮಾಡೋದಾ?"

ಗಂಡ ಹೆಂಡತಿ ಬೇರೆ ಬೇರೆ ಕಾರಣಗಳಿಗಾಗಿ ಒಂದೇ ನಿರ್ಧಾರಕ್ಕೆ ಬಂದಾಗ ಮನೆಯಲ್ಲಿ ಬಹಳ ಆತ್ಮವಿಶ್ವಾಸ ಹುಟ್ಟುತ್ತದೆ. ಬೇರೆಯವರು ಬರೆದದ್ದನ್ನು ತಿದ್ದುವುದು ನನ್ನ ಕಸುಬು. ಮೂರನೆಯ ಸಾಲನ್ನು ತಿದ್ದಿದೆ.

ಕಾಗದ ಬೇಡವೆಂದ ಮೇಲೆ ಏನು ಹಾಸಬೇಕು? ಈ ಪ್ರಶ್ನೆಗೆ ನಮ್ಮ ಪರಂಪರೆಯಲ್ಲಿ ಉತ್ತರವಿದ್ದೀತೆಂದು ಮೊದಲು ಅಲ್ಲಿ ಹುಡುಕಿದೆ. ಆದಿಶೇಷನೇ ಹಾಸಿಗೆಯಾಗಿ ಅದರ ಮೇಲೆ ವಿಷ್ಣು ಮಲಗಿದ ಚಿತ್ರ ನಮ್ಮ ಕ್ಯಾಲೆಂಡರುಗಳಲ್ಲೆಲ್ಲ ಇದೆ. ದೇವರ ಹಾಸಿಗೆಯ ವಿವರ ಇಷ್ಟು ಸ್ಪಷ್ಟವಾಗಿರುವ ಕಡೆ ಹಾಸಿಗೆಯ ಹಾಸಿಗೆ ಯಾವುದೆಂದು ನೋಡಿದರೆ ಸಿಗುವುದು ಹಾಲಿನ ಕಡಲು. ಮಸ್ಕತ್ತಿನ ಜೂನಿನಲ್ಲಿ ಇದು ಅರ್ಧ ದಿನದಲ್ಲಿ ಮೊಸರಾಗುವ ಸಲಹೆ. ನಾಗರ ಪಂಚಮಿಗೆ ಹಾವಿಗೆ ಏನು ಕುಡಿಸಬೇಕು, ಏನು ಬಳಿಯಬೇಕು ಎಂದು ಯೋಚಿಸಿದ ಹಿರಿಯರು ಅದನ್ನು ಎಲ್ಲಿ ಮಲಗಿಸಬೇಕೆಂದು ಯೋಚಿಸಿಲ್ಲ. ಹಾವು ಮನೆಯಲ್ಲಿ ಮಲಗಬಾರದು ಎಂಬುದೇ ಅವರ ಒಟ್ಟು ಆಶಯವಾಗಿತ್ತು.

ಕಟ್ಟಡದ ಕೆಳಗಿನ ಬಡಗಿ ಅಂಗಡಿಯ ಹೊಟ್ಟನ್ನು ಕೇಳಿದೆ. ಅದಕ್ಕೆ ಪಾಲಿಷಿನ ವಾಸನೆ. ತೆಂಗಿನ ನಾರು ಹಾಸೋಣವೆಂದಳು ಸುಧಾ; ಪೂಜೆಗೆ ಒಡೆದ ಕಾಯಿಗಳ ಜುಟ್ಟನ್ನು ಎರಡು ದಿನ ಕೂಡಿಹಾಕಿದಾಗ ಹಾವಿನ ತಲೆಗೊಂದು ದಿಂಬಾಗುವಷ್ಟಾಯಿತು. ಆಗ ನನಗೆ ಹೊಳೆಯಿತು: ಮರಳು. ನಾವಿರುವುದು ಮರುಭೂಮಿಯ ದೇಶ. ಹಾವು ಮರಳಿನಲ್ಲಿ ಹರಿಯುವ ಪ್ರಾಣಿ. ಇದಕ್ಕಿಂತ ಸಹಜವಾದದ್ದು ಏನಿದೆ? ಎರಡು ಮೂಲಗಳಿಂದ ಖಚಿತವಾಗದ ಯಾವ ಸುದ್ದಿಯನ್ನೂ ನಾನು ಪುಟಕ್ಕೆ ಹಾಕಿದವನಲ್ಲ. ಮರಳಿನ ವಿಷಯದಲ್ಲಿ ಒಂದು ಮೂಲವೂ ಇರಲಿಲ್ಲ. ನಾನೇ ಇದ್ದೆ.

ಅಲ್ ಅಮೇರಾತ್ ಕಡೆಗೆ ಹೋಗಿ ಒಣಗಿದ ವಾದಿಯಿಂದ ಎರಡು ಬಕೆಟ್ ಮರಳು ತಂದೆ. ವಾದಿ ಎಂದರೆ ಅಲ್ಲಿನ ಹಳ್ಳ. ವರ್ಷಕ್ಕೊಮ್ಮೆ ಹರಿಯುತ್ತದೆ, ಉಳಿದ ದಿನ ಅದರಲ್ಲಿ ಕಾರು ಓಡಿಸುತ್ತಾರೆ. ಸುಧಾ ಮರಳನ್ನು ಹಿಟ್ಟಿನ ಜರಡಿಯಲ್ಲಿ ಜಾಲಿಸಿದಳು. ಮೂರು ನೀರಿನಲ್ಲಿ ತೊಳೆದು ತಾರಸಿಯ ಮೇಲೆ ಹರಡಿದೆವು. ಕಾಫಿ ಕುಡಿದು ಬರುವಷ್ಟರಲ್ಲಿ ಒಣಗಿತ್ತು. ಪೆಟ್ಟಿಗೆಯಲ್ಲಿ ಮೂರು ಬೆರಳು ದಪ್ಪ ಹಾಸಿ, ಒಂದು ಕಲ್ಲಿಟ್ಟೆ. ನೋಡಲು ಪ್ರವಾಸೋದ್ಯಮದ ಜಾಹೀರಾತಿನಂತಿತ್ತು.

"ಅಪ್ಪಾ, ಪಲ್ಲವಿ ಪೇಪರ್ ಅಂತ ಬರ್ದಿದಾಳೆ" ಎಂದಳು ಮೇಘನಾ.

"ಪಲ್ಲವಿಗೆ ಮರಳು ಸಿಕ್ಕಿರಲಿಲ್ಲ ಪುಟ್ಟಿ."

"ಆರ್ ಯು ಶೂರ್?"

"ಖಂಡಿತ" ಎಂದೆ. ಇಂಥ ಪದವನ್ನು ವರದಿಗಾರರ ಪ್ರತಿಯಲ್ಲಿ ಕಂಡರೆ ನಾನು ಹೊಡೆದುಹಾಕುತ್ತೇನೆ.

ಜೂನ್ 18ರ ಶನಿವಾರ ಊಟದ ದಿನ. ಮೇಘನಾ ಫ್ರಿಜ್ಜಿನಲ್ಲಿ ಮಂಜುಗಟ್ಟಿದ್ದ ಇಲಿಯನ್ನು ಬೆಚ್ಚಗಿನ ನೀರಿನಲ್ಲಿಟ್ಟು ಮೆತ್ತಗಾಗಿಸಿ, ಚಿಮಟದಲ್ಲಿ ಹಿಡಿದು ಒಳಗಿಟ್ಟಳು. ಒದ್ದೆ ಇಲಿ ಮರಳಿನಲ್ಲಿ ಉರುಳಿತು. ಎಣ್ಣೆಗೆ ಬಿಡುವ ಮುನ್ನ ರವೆಯಲ್ಲಿ ಹೊರಳಿಸಿದ ಬಾಳೆಕಾಯಿ ನೋಡಿದ್ದೀರಲ್ಲ, ಹಾಗೆ ಕಾಣುತ್ತಿತ್ತು. ಬಿಸ್ಕೆಟ್ ಅದನ್ನು ಮರಳಿನ ಸಮೇತ ನುಂಗಿತು. ನಾನು ಅದರ ಹಸಿವನ್ನು ಮೆಚ್ಚಿದೆ.

ಮುಂದಿನ ಶನಿವಾರ ಅದು ಇಲಿಯನ್ನು ಮೂಸಿ ತಲೆ ತಿರುಗಿಸಿತು. ಅದರ ಮುಂದಿನ ಶನಿವಾರವೂ ಅಷ್ಟೆ. ಈ ಮಧ್ಯೆ ಅದು ವಿಸರ್ಜನೆ ಮಾಡಿದ ಗುರುತೂ ಇರಲಿಲ್ಲ. ಬಾಲಕ್ಕೆ ಸ್ವಲ್ಪ ಮೇಲೆ ಒಂದು ಉಬ್ಬು ಕಾಣಿಸಿತು. ಮೇಘನಾ ಪೆಟ್ಟಿಗೆಯ ಮುಂದೆ ನೆಲದ ಮೇಲೆ ಕೂತು ಊಟ ಮಾಡತೊಡಗಿದಳು. ಊಟ ಎಂದರೆ ಅನ್ನವನ್ನು ತಟ್ಟೆಯಲ್ಲಿ ಈ ಕಡೆಯಿಂದ ಆ ಕಡೆಗೆ ತಳ್ಳುವುದು.

"ಇದು ಸತ್ತು ಹೋದ್ರೆ ನಾನು ಸ್ಕೂಲಿಗೇ ಹೋಗಲ್ಲ" ಎಂದಳು. "ಶಿ ಟ್ರಸ್ಟೆಡ್ ಮಿ, ಅಪ್ಪಾ. ನಾನು ನಿಮ್ಮನ್ನ ನಂಬಿದೆ."

ಜುಲೈ 3ರಂದು ಹಾವನ್ನು ದಿಂಬಿನ ಚೀಲದಲ್ಲಿಟ್ಟುಕೊಂಡು ಪಶುವೈದ್ಯರ ಬಳಿಗೆ ಹೋದೆವು. ಸುಡಾನಿನ ಹಿರಿಯರು, ಅವರ ಕೊಠಡಿಯ ಹೊರಗೆ ಎರಡು ಆಡುಗಳು ಸರದಿಯಲ್ಲಿದ್ದವು. ಅವರು ಹಾವಿನ ಹೊಟ್ಟೆಯ ಮೇಲೆ ಬೆರಳಾಡಿಸಿ, ನನ್ನತ್ತ ನೋಡದೆ ಮೇಘನಾಳನ್ನು ಕೇಳಿದರು:

"ಕೆಳಗೆ ಏನು ಹಾಸಿದ್ದೀರಿ?"

"ಮರಳು."

"ಯಾಕೆ?"

ಮೇಘನಾ ನನ್ನತ್ತ ನೋಡಿದಳು. "ಒಮಾನ್ ಅಲ್ಲವೆ, ಅದಕ್ಕೆ" ಎಂದೆ ನಾನು.

"ಯಾ ಅಖೀ, ನನ್ನ ಸೋದರಾ, ಈ ಹಾವು ಒಮಾನಿನದಲ್ಲ. ಇದು ಅಮೆರಿಕದ ಜೋಳದ ಹೊಲದ್ದು. ಅದೂ ಇದರ ಅಜ್ಜಂದಿರ ಮಾತು. ಇದು ಡಬ್ಬಿಯಲ್ಲಿ ಹುಟ್ಟಿದ್ದು. ನನ್ನ ಹಾಗೆ, ನಿನ್ನ ಹಾಗೆ ಇದೂ ಹೊರಗಿನದು. ನೀನು ಮರಳಿನ ಮೇಲೆ ಮಲಗುತ್ತೀಯಾ?" ಎಂದರು. "ಹೊಟ್ಟೆಯಲ್ಲಿ ಮರಳು ಕಟ್ಟಿಕೊಂಡಿದೆ. ದಿನಾ ಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ಇಡಿ. ಒಂದು ವಾರದಲ್ಲಿ ಹೊರಗೆ ಬಂದರೆ ಉಳಿಯುತ್ತದೆ, ಬರದಿದ್ದರೆ ಹೇಳಲಾರೆ. ಮರಳು ಖಲಾಸ್. ಪೇಪರ್ ಹಾಸು."

ಅಲ್ಲಿಗೆ ಪಲ್ಲವಿಯ ಮೂರನೆಯ ಸಾಲು ಮೂಲ ರೂಪದಲ್ಲೇ ಮರುಸ್ಥಾಪನೆಯಾಯಿತು. ಆದರೆ ಪೇಪರ್ ಹಾಸುವುದು ಅಂದುಕೊಂಡಷ್ಟು ಸುಲಭವಲ್ಲ. ಮೊದಲ ಪುಟದಲ್ಲಿ ದೊರೆಯ ಚಿತ್ರವಿರುತ್ತದೆ. ಅನ್ನ ಕೊಡುವ ದೇಶದಲ್ಲಿ ಅದನ್ನು ನೆಲಕ್ಕೆ ಹಾಕಬಾರದು. ಎರಡನೆಯ ಪುಟದಲ್ಲಿ ನಮಾಜಿನ ವೇಳೆ. ಅರಬಿ ಪತ್ರಿಕೆಯಲ್ಲಿ ಯಾವ ಮೂಲೆಯಲ್ಲಿ ದೇವರ ಹೆಸರಿದೆಯೋ ಓದಲು ಬರದ ನಮಗೆ ತಿಳಿಯದು. ಅದನ್ನು ಪೂರ್ತಿ ಕೈಬಿಟ್ಟೆವು. ಕನ್ನಡ ವಾರಪತ್ರಿಕೆಗಳಲ್ಲಿ ಎರಡು ಪುಟಕ್ಕೊಮ್ಮೆ ದೇವಸ್ಥಾನ. ಸಿನಿಮಾ ಪುಟ ಹಾಸೋಣವೆಂದರೆ ನಾಯಕಿ ದೇವಿಯ ಪಾತ್ರದಲ್ಲಿದ್ದಾಳೆ ಎಂದು ಸುಧಾ ತಡೆದಳು. ಇಪ್ಪತ್ತು ವರ್ಷ ಪತ್ರಿಕೆಯಲ್ಲಿದ್ದೂ ನಾನು ಒಂದು ಸಂಚಿಕೆಯನ್ನು ಅಷ್ಟು ಎಚ್ಚರದಿಂದ ಓದಿರಲಿಲ್ಲ. ಕಡೆಗೆ ಉಳಿದದ್ದು ವರ್ಗೀಕೃತ ಜಾಹೀರಾತು ಮತ್ತು ಯುರೋಪಿನ ಫುಟ್‌ಬಾಲ್. "ಇದು ಪರವಾಗಿಲ್ಲ" ಎಂದು ಸುಧಾ ತಾನೇ ಮಡಿಸಿ ಹಾಸಿದಳು. ಸರಸ್ವತಿಯ ವ್ಯಾಪ್ತಿ ಎಲ್ಲಿಗೆ ಮುಗಿಯುತ್ತದೆ ಎಂಬುದು ನನ್ನ ವೃತ್ತಿಯ ಬಗ್ಗೆ ನನಗೆ ಆ ದಿನ ಸಿಕ್ಕ ಮಾಹಿತಿ.

ಅದಕ್ಕಿಂತ ಕಷ್ಟದ್ದು ಮುಂದಿತ್ತು. ಪಲ್ಲವಿಗೆ ತಿಳಿಸಬೇಕೆಂದಳು ಮೇಘನಾ. ಒಂದು ವಾರ ಕಾಯೋಣ, ಏನಾಗುತ್ತದೋ ಖಚಿತವಾಗಲಿ ಎಂದೆ ನಾನು.

"ನೀವು ತಪ್ಪು ಪ್ರಿಂಟ್ ಮಾಡಿದ್ರೆ ಮಾರನೇ ದಿನವೇ ಕರೆಕ್ಷನ್ ಹಾಕ್ತೀರಲ್ವಾ?"

"ಹಾಕ್ತೀವಿ."

"ಮತ್ತೆ?"

ಅವಳು ಇಮೇಲ್ ಬರೆದಳು. ನಾನು ಅಭ್ಯಾಸಬಲದಿಂದ ಅದನ್ನು ತಿದ್ದಲು ಕೂತೆ. ನನ್ನ ಪರಿಷ್ಕೃತ ಪ್ರತಿಯಲ್ಲಿ ಪೆಟ್ಟಿಗೆಗೆ ಮರಳು ಬಂದಿತ್ತು, ಹಾವಿಗೆ ತೊಂದರೆಯಾಗಿತ್ತು, ಚಿಕಿತ್ಸೆ ನಡೆದಿತ್ತು. ಮನುಷ್ಯರು ಯಾರೂ ಇರಲಿಲ್ಲ. ಮೇಘನಾ ಓದಿ, "ಮರಳು ನಡ್ಕೊಂಡು ಬಂತಾ ಅಪ್ಪಾ?" ಎಂದಳು. ತನ್ನ ವಾಕ್ಯವನ್ನೇ ವಾಪಸು ಹಾಕಿದಳು: ನೀನು ಪೇಪರ್ ಎಂದು ಬರೆದಿದ್ದೆ, ಅಪ್ಪ ಮರಳು ಹಾಕಿದರು, ನಾನು ತಡೆಯಲಿಲ್ಲ. ಕಳಿಸಿದಳು.

ಮರುದಿನ ಧಾರವಾಡದಿಂದ ಒಂದೇ ಸಾಲಿನ ಉತ್ತರ. ಅದು ಕಕ್ಕ ಮಾಡಿತೋ ಇಲ್ಲವೋ, ಅಷ್ಟು ಮಾತ್ರ ದಿನಾ ತಿಳಿಸು.

ದಿನಾ ತಿಳಿಸಿದಳು. ಇಲ್ಲ. ಇಲ್ಲ. ಇಲ್ಲ. ಸುಧಾ ತನ್ನ ಮೊಣಕೈಯಿಂದ ನೀರಿನ ಬಿಸಿ ನೋಡುತ್ತಿದ್ದಳು, ಕೂಸಿನ ಸ್ನಾನಕ್ಕೆ ನೋಡುವ ಹಾಗೆ. ಹಾವನ್ನು ಮುಟ್ಟುವುದಿಲ್ಲವೆಂದು ಜೂನಿನಲ್ಲಿ ಹೇಳಿದ್ದವಳು ನಾಲ್ಕನೆಯ ದಿನ ಅದರ ಹೊಟ್ಟೆ ನೀವುತ್ತಿದ್ದಳು. ಐದನೆಯ ದಿನ ಮೇಘನಾ ತನ್ನ ದಿಂಬು ತಂದು ಪೆಟ್ಟಿಗೆಯ ಪಕ್ಕದಲ್ಲೇ ಮಲಗಿದಳು.

ಜುಲೈ 9ರ ಮಧ್ಯಾಹ್ನ ನಾಲ್ಕಕ್ಕೆ ಸಂಪಾದಕೀಯ ಸಭೆಯ ನಡುವೆ ನನಗೆ ಫೋನ್ ಬಂತು.

"ರೀ, ಹೋಯ್ತು" ಎಂದಳು ಸುಧಾ.

ನಾನು ಕುರ್ಚಿಯಿಂದ ಎದ್ದೆ. "ಯಾವಾಗ? ಮೇಘನಾ ಹತ್ತಿರ ಇದ್ಳಾ?"

"ಅಯ್ಯೋ, ಬಿಡ್ತು ಅನ್ನಿ! ಹೊಟ್ಟೆಯಿಂದ ಹೋಯ್ತು ಅಂದೆ. ಮರಳು ಮರಳೇ. ಒಂದು ಚಮಚದಷ್ಟಿದೆ. ಇವಳು ಅದನ್ನ ಫೋಟೋ ತೆಗೀತಿದಾಳೆ."

ಜುಲೈ 30ರಂದು ಕುಲಕರ್ಣಿ ಕುಟುಂಬ ಮರಳಿತು. ಪಲ್ಲವಿ ಚೀಲಗಳನ್ನು ಲಿಫ್ಟಿನಲ್ಲೇ ಬಿಟ್ಟು ನಮ್ಮ ಮನೆಗೆ ಬಂದಳು. ಹಾವನ್ನು ಎತ್ತಿ ಹೊಟ್ಟೆಯುದ್ದಕ್ಕೂ ಹೆಬ್ಬೆರಳಾಡಿಸಿದಳು. ಮೇಘನಾ ಗೋಡೆಗೆ ಒರಗಿ ನಿಂತಿದ್ದಳು.

"ದಪ್ಪ ಆಗೇದಲ್ಲs" ಎಂದಳು ಪಲ್ಲವಿ. ಆಮೇಲೆ ನನ್ನತ್ತ ತಿರುಗಿ, "ಅಂಕಲ್, ಉಳಿದ ಮರಳ ಎಲ್ಲೆ ಅದ? ಅಪ್ಪಗ ಕುಂಡಕ್ಕ ಬೇಕಂತ" ಎಂದಳು. ಎರಡೂ ಬಕೆಟ್ಟನ್ನು ಐದನೆಯ ಮಹಡಿಗೆ ನಾನೇ ಹೊತ್ತು ಕೊಟ್ಟೆ.

2006ರ ಜೂನ್ 8ರಂದು ಕುಲಕರ್ಣಿ ಕುಟುಂಬ ಮತ್ತೆ ರಜೆಗೆ ಹೊರಟಿತು. ಇದನ್ನು ಬರೆಯುವ ಹೊತ್ತಿಗೆ ಬಿಸ್ಕೆಟ್ ನಮ್ಮ ಮನೆಯಲ್ಲಿದೆ. ನಿನ್ನೆ ಸಂಜೆ ಆರೂಕಾಲಿಗೆ ಒಂದು ಇಲಿ ನುಂಗಿತು.